ಅಜ್ಜಿ ನೆನಪಿನ ಪುಸ್ತಕಕ್ಕೆ ಫೋಟೋ, ವಾಯ್ಸ್ ನೋಟ್ ಕಳ್ಸಿ
ಎಲ್ಲರಿಗೂ ನಮಸ್ಕಾರ. ಅಮ್ಮ ಹೋಗಿ ಮುಂದಿನ ತಿಂಗಳಿಗೆ ಒಂದು ವರ್ಷ ಆಗುತ್ತೆ, ತೊಂಬತ್ತು ದಾಟಿದ ಜೀವ, ನಮ್ಗೆ ಅಮ್ಮ ನಿಮ್ಗೆ ಅಜ್ಜಿ, ಅವರ ನೆನಪಿಗೆ ಒಂದು ಫೋಟೋ ಪುಸ್ತಕ ಮಾಡೋಣ ಅಂತ ಮಾತಾಗಿತ್ತಲ್ಲ, ಅದರ ಕೆಲಸ ಈಗ ಶುರು.

ಈ ತಿಂಗಳ 25ರೊಳಗೆ ನಿಮ್ಮ ಹತ್ರ ಇರೋ ಫೋಟೋ ಕಳ್ಸಿ. ವಾಟ್ಸಾಪಲ್ಲಿ ಮಾಮೂಲಿ ಥರ ಕಳ್ಸಿದ್ರೆ ಕ್ವಾಲಿಟಿ ಕಮ್ಮಿ ಆಗುತ್ತೆ, ಪ್ರಿಂಟಲ್ಲಿ ಮುಖ ಮಸುಕಾಗುತ್ತೆ, ಅದಕ್ಕೆ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ. ಹಳೇ ಆಲ್ಬಮ್‌ನಲ್ಲಿ ಅಂಟ್ಕೊಂಡಿರೋದನ್ನ ದಯವಿಟ್ಟು ಕೀಳ್ಬೇಡಿ, ಹರಿದೋಗುತ್ತೆ, ಕಿಟಕಿ ಬೆಳಕಲ್ಲಿ ಫ್ಲ್ಯಾಶ್ ಆಫ್ ಮಾಡಿ ಮೇಲಿಂದ ನೇರವಾಗಿ ತೆಗೀರಿ. ಯಾರು, ಯಾವಾಗ ಅಂತ ಜೊತೆಗೇ ಟೈಪ್ ಮಾಡಿ, ಫೋಟೋ ಹಿಂದೆ ಪೆನ್ನಲ್ಲಿ ಬರೀಬೇಡಿ.

ಫೋಟೋಗಿಂತ ನಂಗೆ ಮುಖ್ಯ ಅನ್ಸೋದು ಅವರ ದನಿ. ಕನ್ನಡಕ ಹಣೆ ಮೇಲಿಟ್ಕೊಂಡು ಮೊಬೈಲ್‌ನ ಬಾಯಿ ಹತ್ರ ಹಿಡಿದು "ಕೇಳಿಸ್ತಾ?" ಅಂತ ಕೂಗ್ತಿದ್ದ ವಾಯ್ಸ್ ನೋಟ್ಸ್ ಯಾರ ಹತ್ರ ಇದ್ರೂ ಫೋನ್ ಚೇಂಜ್ ಮಾಡೋ ಮುಂಚೆ ಕಳ್ಸಿ, ಬೈದಿರೋದಾದ್ರೂ ಪರ್ವಾಗಿಲ್ಲ (ಅದೇ ಜಾಸ್ತಿ ಇರ್ಬೇಕು).

ಮೊಮ್ಮಕ್ಕಳು ಒಬ್ಬೊಬ್ರು ನಾಲ್ಕು ಸಾಲು ಬರೀರಿ, ಹೊಗಳಿಕೆ ಬೇಡ, ನಡೆದಿದ್ದು ಏನಾದ್ರೂ ಒಂದು.

ಸ್ಕ್ಯಾನ್ ಮಾಡೋಕೆ ಯಾರಿಗೆ ಟೈಮ್ ಇದೆ, ಎಷ್ಟು ಪ್ರತಿ ಬೇಕು, ಭಾನುವಾರದೊಳಗೆ ಇಲ್ಲೇ ರಿಪ್ಲೈ ಮಾಡಿ. ಬರೀ ಥಂಬ್ಸ್ ಅಪ್ ಹಾಕಿದ್ರೆ ಲೆಕ್ಕಕ್ಕಿಲ್ಲ.