ಬರಿ ತಗಡಿಗೆ ಮೊದಲು ಎಪಾಕ್ಸಿ

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ಹೊಸ ಬಣ್ಣ ಕೊಡಿಸುವವರು ಗಮನಿಸಬೇಕು: ಬರಿ ತಗಡಿಗೆ ನೇರವಾಗಿ ಸರ್ಫೇಸರ್ (ಮೇಲ್ಮೈ ಸಮ ಮಾಡುವ ಪ್ರೈಮರ್) ಹೊಡೆಸಬೇಡಿ. ಅದು ತೇವ ಹೀರುತ್ತದೆ, ಮಳೆಗಾಲದಲ್ಲಿ ಬಣ್ಣದಡಿ ತುಕ್ಕಿನ ಗುಳ್ಳೆ ಏಳುತ್ತದೆ. ಮೊದಲು ಬೇಕಿರುವುದು ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅಂದರೆ ತಗಡಿಗೆ ಗಟ್ಟಿಯಾಗಿ ಹಿಡಿದು ತೇವ ತಡೆಯುವ ಅಡಿಬಣ್ಣ.

ತುಕ್ಕೆಲ್ಲ ತೆಗೆದು, 80ರಿಂದ 180 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿಸಿ. ಗ್ರೀಸ್ ರಿಮೂವರನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಬೇಕು. ತಾನಾಗಿ ಆರಿದರೆ ಜಿಡ್ಡು ಅಲ್ಲೇ ಕೂರುತ್ತದೆ. ಆಮೇಲೆ ಬರಿಗೈ ಸೋಕಕೂಡದು, ಬೆವರಿನ ಉಪ್ಪೇ ತುಕ್ಕಿಗೆ ಸಾಕು. ಅದೇ ದಿನ ಎಪಾಕ್ಸಿ ಹೊಡೆಸಿ. ಅದು ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಡಬ್ಬದ ಮೇಲಿನ ಅಳತೆಯಷ್ಟೇ ಇರಲಿ. ಬೇಗ ಒಣಗಲೆಂದು ಹೆಚ್ಚು ಸುರಿಯುವುದು ಶುದ್ಧ ತಪ್ಪು. ತಗಡಿನ ಮೇಲ್ಮೈ ಕೊರೆದು ಹಿಡಿಯುವ, ಆಸಿಡ್ ಇರುವ ಎಚ್ (etch) ಪ್ರೈಮರ್ ಮೇಲೆ ಎಪಾಕ್ಸಿಯಾಗಲಿ ಪುಟ್ಟಿಯಾಗಲಿ ಬೇಡ, ಹಿಡಿತ ಸಿಗದೆ ಎದ್ದು ಬರುತ್ತದೆ.

— ಓದುಗರು, ಮೈಸೂರು