ಇಲಿ ಕೋಣೆಯ ಬೀಗದ ಕೈ ಯಾರಿಗೆ? ದಕ್ಷಿಣ ಕನ್ನಡದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಶಿರಾಡಿ ಘಾಟಿ, ರೈಲು, ಬಂದರು ಅಂತ ದಿನಾ ಬರುವ ಅರ್ಜಿಗಳ ನಡುವೆ ನಾನು ಇಲಿಗಳ ವಿಷಯ ಹಿಡಿದು ಬಂದಿದ್ದೇನೆ. ದಯವಿಟ್ಟು ಪಕ್ಕಕ್ಕಿಡಬೇಡಿ.

ನಮ್ಮ ಕರಾವಳಿಯ ಎಷ್ಟೋ ಮೆಡಿಕಲ್, ಫಾರ್ಮಸಿ ಕಾಲೇಜುಗಳಲ್ಲಿ ಅನಿಮಲ್ ಹೌಸ್, ಅಂದರೆ ಪ್ರಯೋಗಕ್ಕೆ ಇಲಿಯಂಥ ಪ್ರಾಣಿ ಸಾಕುವ ಜಾಗ ಇದೆ. ಅಂಥದ್ದೊಂದರಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದೆ. ಯಾವ ಕಾಲೇಜು ಅಂತ ಕೇಳಬೇಡಿ. ಲ್ಯಾಬಿಗೆ ಒಬ್ಬರು ಮೇಡಂ ಮುಖ್ಯಸ್ಥೆ, ಕೈಕೆಳಗೆ ನಾವೆಲ್ಲ ಹೆಂಗಸರೇ. ಮೇಡಂ ಕಟ್ಟಿ ಬೆಳೆಸಿದ ಲ್ಯಾಬ್ ಅದು, ಎರಡು ಮಾತಿಲ್ಲ. ಆದರೆ ಪ್ರಾಜೆಕ್ಟ್ ಅವರ ಹೆಸರಲ್ಲಿ, ಹಣ ಅವರ ಸಹಿಯಲ್ಲಿ, ಇಲಿ ಕೋಣೆಯ ಬೀಗದ ಕೈ ಅವರ ಬ್ಯಾಗಿನಲ್ಲಿ.

ಪ್ರತಿ ಪಂಜರಕ್ಕೂ ಒಂದು ಕಾರ್ಡ್ ಸಿಕ್ಕಿಸಿರುತ್ತಾರೆ. ಇಲಿಯ ತಳಿ, ಗಂಡೋ ಹೆಣ್ಣೋ, ಹುಟ್ಟಿದ ದಿನ, ಪ್ರಾಜೆಕ್ಟ್ ನಂಬರ್, ಮುಖ್ಯ ಸಂಶೋಧಕರ ಹೆಸರು. ಭಾನುವಾರ ಜಡಿಮಳೆಯಲ್ಲಿ ಬಸ್ಸು ಹಿಡಿದು ಬಂದು ಉಮಿ ಬದಲಿಸಿ, ನೀರಿನ ಬಾಟಲಿ ತುಂಬಿ, ರಿಜಿಸ್ಟರ್ ಬರೆಯುವವಳ ಹೆಸರು ಅದರಲ್ಲಿ ಇರುವುದಿಲ್ಲ. ಕೋಣೆಯ ತೇವಾಂಶ ಶೇ. 30ರಿಂದ 70ರೊಳಗೆ ಇರಬೇಕು ಅಂತ ಮಾರ್ಗಸೂಚಿ. ಮಂಗಳೂರಿನ ಜುಲೈಯಲ್ಲಿ! ತೇವ ತಗ್ಗಿಸುವ ಯಂತ್ರ ಕೆಟ್ಟ ದಿನ ಓಡಿ ಬರುವವಳೂ ಅವಳೇ.

ನಿವೃತ್ತಿಗೆ ಮೊದಲು ಮೇಡಂ ಇಬ್ಬರಿಗೆ ಬೇರೆ ಬೇರೆಯಾಗಿ ‘ನನ್ನ ನಂತರ ನೀನೇ’ ಅಂದಿದ್ದರು. ಒಬ್ಬಳು ಕಾಯಂ. ಇನ್ನೊಬ್ಬಳು ಪ್ರಾಜೆಕ್ಟ್ ಮುಗಿದರೆ ಮನೆಗೆ. ಕಾಗದದಲ್ಲಿ ಏನೂ ಇಲ್ಲ. ಫ್ರೀಜರಿನ ಸ್ಯಾಂಪಲ್ ಯಾರದು, ಪ್ರಬಂಧದಲ್ಲಿ ಮೊದಲ ಹೆಸರು ಯಾರದು, ಎಲ್ಲಕ್ಕೂ ಜಗಳ. ಆಡಳಿತದವರು ‘ಹೆಂಗಸರು ಸೇರಿದರೆ ಇಷ್ಟೇ’ ಅಂತ ಕೈತೊಳೆದುಕೊಂಡರು. ಗಂಡಸರು ಕುರ್ಚಿಗೆ ಕಾದಾಡುವುದೇ ಇಲ್ಲವೇನೋ! ಪ್ರಯೋಗದ ಅನುಮತಿ ಇದ್ದದ್ದು ನಿವೃತ್ತರಾದ ಮೇಡಂ ಹೆಸರಲ್ಲಿ. ಅದನ್ನು ಬದಲಿಸಲು ಯಾರೂ ಸಹಿ ಹಾಕಲಿಲ್ಲ. ಮಧುಮೇಹದ ಪ್ರಯೋಗಕ್ಕೆ ತಯಾರಾಗಿದ್ದ ವಿಸ್ಟಾರ್ ತಳಿಯ ಇಲಿಗಳನ್ನು ಅರ್ಧದಲ್ಲೇ ಸಾಯಿಸಬೇಕಾಯಿತು. ಸುಮ್ನೆ ಸತ್ತವು. ಕಾಯಂ ಇಲ್ಲದಿದ್ದವಳು ಈಗ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ.

ನಾನು ಮೇಡಂ ಅವರನ್ನು ದೂರುವುದಿಲ್ಲ. ಅವರೂ ಒಬ್ಬೊಬ್ಬರ ಕೈಕಾಲು ಹಿಡಿದು ಮೇಲೆ ಬಂದವರು. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿಯವರಿಗೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಹೆಣ್ಣು ಅನ್ನುವುದೇ ಅಡ್ಡಿಯಾಗಿತ್ತು. 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಆಯಿತು. ಅಷ್ಟಾದರೂ ಮುಂಬೈಯ ವಿಜ್ಞಾನ ಸಂಸ್ಥೆಯಲ್ಲಿ ನಿರ್ದೇಶಕಿಯ ಕುರ್ಚಿ ಒಳರಾಜಕೀಯದಿಂದ ವರ್ಷಗಟ್ಟಲೆ ತಡವಾಯಿತು. ಅಷ್ಟು ಕಷ್ಟಪಟ್ಟು ಸಿಕ್ಕ ಕುರ್ಚಿಯನ್ನು ಯಾರಾದರೂ ಸುಲಭಕ್ಕೆ ಬಿಟ್ಟುಕೊಡುತ್ತಾರಾ?

ಅದಕ್ಕೇ ಬರಹದಲ್ಲಿ ನಿಯಮ ಬೇಕು ಅನ್ನುತ್ತಿರುವುದು. ನಮ್ಮ ತುಳುನಾಡಿಗೆ ಇದು ಹೊಸದೂ ಅಲ್ಲ. ಉಳ್ಳಾಲದ ಅಬ್ಬಕ್ಕನಿಗೆ ಪಟ್ಟ ಬಂದದ್ದು ಸೋದರಮಾವ ತಿರುಮಲರಾಯನಿಂದ, ಕಟ್ಟಿನ ಪ್ರಕಾರವೇ. ಅಳಿಯ ಸಂತಾನದವರ, ಅಂದರೆ ತಾಯಿಯ ಕಡೆಯಿಂದ ಹಕ್ಕು ಬರುವ ಕುಟುಂಬಗಳ ಆಸ್ತಿಗೆ 1949ರಲ್ಲಿ ಮದ್ರಾಸ್ ಸರಕಾರ ಕಾಯ್ದೆಯನ್ನೇ ಮಾಡಿತು. ಕುಟುಂಬದ ಗದ್ದೆಗೆ ಇದ್ದ ಲೆಕ್ಕ ಸರಕಾರಿ ಅನುದಾನದ ಲ್ಯಾಬಿಗೆ ಯಾಕಿಲ್ಲ?

ಪ್ರಾಣಿ ಪ್ರಯೋಗದ ಮೇಲೆ ಕಣ್ಣಿಡುವ ಸಿಸಿಎಸ್‌ಇಎ ಸಮಿತಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬರುತ್ತದೆ. ಅದು ಕೇಂದ್ರದ ಪಶುಸಂಗೋಪನೆ ಸಚಿವಾಲಯದ ಕೈಯಲ್ಲಿದೆ. ಹಾಗಾಗಿ ನಿಮ್ಮನ್ನೇ ಕೇಳಬೇಕು. ಪ್ರಯೋಗಕ್ಕೆ ಅನುಮತಿ ಕೊಡುವಾಗಲೇ, ಮುಖ್ಯ ಸಂಶೋಧಕರು ಹೋದರೆ ಮುಂದುವರಿಸುವವರು ಯಾರು ಅಂತ ಹೆಸರು, ಸಹಿ ತೆಗೆದುಕೊಳ್ಳಲಿ. ಆ ಹೆಸರು ಗುತ್ತಿಗೆಯವಳದ್ದಾದರೆ ಪ್ರಯೋಗ ಮುಗಿಯುವವರೆಗೆ ಅವಳ ಸಂಬಳ ನಿಲ್ಲದಿರಲಿ. ನಿವೃತ್ತಿಗೆ ಆರು ತಿಂಗಳು ಮೊದಲೇ ಹೋಗುವವರೂ ಮುಂದುವರಿಸುವವರೂ ಒಟ್ಟಿಗೆ ಕೂತು ಪಂಜರ, ಸ್ಯಾಂಪಲ್, ರಿಜಿಸ್ಟರುಗಳ ಪಟ್ಟಿ ಮಾಡಿ ಕಾಲೇಜಿನ ನೈತಿಕ ಸಮಿತಿಗೆ ಒಪ್ಪಿಸಲಿ. ಇದಕ್ಕೆ ಹಣ ಜಾಸ್ತಿ ಬೇಡ.

ಮುಂದಿನ ಅಧಿವೇಶನದಲ್ಲಿ ಈ ಬಗ್ಗೆ ಒಂದು ಪ್ರಶ್ನೆ ಹಾಕಿ. ಸಚಿವರ ಉತ್ತರ ಬಂದ ಮೇಲೆ ಅದನ್ನು ಇಲ್ಲಿನ ಕನ್ನಡ ಪತ್ರಿಕೆಗಳಿಗೂ ಕಳುಹಿಸಿಕೊಡಿ.

ಇತಿ,
ಅನಿಮಲ್ ಹೌಸಿನ ಹಳೆಯ ಕೆಲಸಗಾರ್ತಿ,
ಮಂಗಳೂರು