ಹಾಲು ಉಕ್ಕಿಸಿದ ದಿನ ನೆನಪಾದ ಸಾಲ

ಮೊನ್ನೆ ಭಾನುವಾರ ಕೆನಡಾದ ಅಬಟ್ಸ್‌ಫರ್ಡ್‌ನಲ್ಲಿ ನಮ್ಮ ಹೊಸ ಮನೆಯ ಹಾಲು ಉಕ್ಕಿಸಿದೆವು. ಸಣ್ಣ ಮನೆ, ದೊಡ್ಡ ಸಾಲ. ಬಂದವರಲ್ಲಿ ಮುಕ್ಕಾಲು ಪಾಲು ಪಂಜಾಬಿಗಳು. ಹಾಲು ಚೆಲ್ಲುತ್ತಿದ್ದಂತೆ ಒಬ್ಬರು ಅಜ್ಜಿ ಓಡಿ ಬಂದು ಸ್ಟವ್ ಆರಿಸಿಬಿಟ್ಟರು, ಇದು ಚೆಲ್ಲಲೇಬೇಕು ಬೀಜಿ ಎಂದು ತಿಳಿಹೇಳೋಷ್ಟರಲ್ಲಿ ಎಲ್ಲರಿಗೂ ನಗು. ಆಗಲೇ ಹೊಳೆದಿದ್ದು, ಬ್ಯಾಂಕಿನದ್ದಲ್ಲದ ಸಾಲವೂ ಒಂದಿದೆ, ಇವರಿಗೆ ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಿಲ್ಲ ಅಂತ.

2021ರ ನವೆಂಬರಿನಲ್ಲಿ ನಾವು ಸೂಮಾಸ್ ಪ್ರೇರಿಯ ಒಂದು ಬ್ಲೂಬೆರಿ ತೋಟದ ಪಕ್ಕ ಬಾಡಿಗೆಗಿದ್ದೆವು. ಆ ಬಯಲು ಮೊದಲು ದೊಡ್ಡ ಕೆರೆ. 1920ರ ದಶಕದಲ್ಲಿ ನೀರು ಬಸಿದು ಹೊಲ ಮಾಡಿದ್ದು. ಮನೆ ಹಿಡಿಯುವಾಗ ನಮಗೆ ಗೊತ್ತಿರಲಿಲ್ಲ ಬಿಡಿ. ಮಳೆ ಬಿಡದೆ ಸುರಿಯಿತು, ಅಮೆರಿಕದ ಕಡೆಯ ನೂಕ್‌ಸ್ಯಾಕ್ ನದಿ ಉಕ್ಕಿತು, ಕೆರೆ ತನ್ನ ಜಾಗಕ್ಕೆ ವಾಪಸ್ ಬಂತು. 16ರ ರಾತ್ರಿ, ನೀರು ಹೊರಹಾಕುವ ಪಂಪ್ ಸ್ಟೇಷನ್ ಕೈಕೊಡಬಹುದು, ಕೂಡಲೇ ಹೊರಡಿ ಎಂದು ಅಧಿಕಾರಿಗಳು ಹೇಳಿದರು. ಪಾಸ್‌ಪೋರ್ಟು, ಮಗಳು, ಒಂದು ಸೂಟ್‌ಕೇಸು, ಮತ್ತೆ ಒಲೆ ಮೇಲಿದ್ದ ಸಾರಿನ ಪಾತ್ರೆ. ಅದನ್ನೇಕೆ ಎತ್ತಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ.

ಕಾರು ನಿಲ್ಲಿಸಿದ್ದು ಗುರುದ್ವಾರದ ಮುಂದೆ. ಯಾರೂ ಹೆಸರು ಕೇಳಲಿಲ್ಲ, ಮೊದಲು ತಟ್ಟೆ ಬಂತು. ದಾಲ್, ರೋಟಿ, ಏಲಕ್ಕಿ ಜಾಸ್ತಿ ಬಿದ್ದ ಚಹಾ. ಅಲ್ಲಿ ರೋಟಿ ತಟ್ಟುತ್ತಿದ್ದ ಹೆಂಗಸೊಬ್ಬರ ತೋಟವೇ ನೀರಿನಡಿ ಇತ್ತು ಅಂತ ನಮಗೆ ತಿಳಿದಿದ್ದು ಮೂರು ದಿನದ ಮೇಲೆ. ಅವರಾಗಿ ಹೇಳಲೂ ಇಲ್ಲ.

ಅಲ್ಲೇ ಇದ್ದ ತಾತ ಒಬ್ಬರು ಊರು ಯಾವುದು ಎಂದರು. ಬೀದರ್ ಎಂದೆ. ಸಾಮಾನ್ಯವಾಗಿ ಇಲ್ಲಿ ಅದಕ್ಕೆ "ಬೆಂಗಳೂರಿನ ಹತ್ತಿರಾನಾ?" ಅಂತಾರೆ. ಆದರೆ ಆ ತಾತ ಎರಡೂ ಕೈ ಎತ್ತಿ ಮುಗಿದರು. 1699ರಲ್ಲಿ ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಗುರು ಗೋಬಿಂದ್ ಸಿಂಗರಿಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರು, ಭಾಯಿ ಸಾಹಿಬ್ ಸಿಂಗ್, ನಮ್ಮೂರಿನವರು. ನಾನು ಹುಡುಗನಿದ್ದಾಗ ಬೀದರಿನ ಗುರುದ್ವಾರ ನಾನಕ್ ಝೀರಾದಲ್ಲಿ ನೀರು ಕುಡಿದು, ಎಲ್ಲರಿಗೂ ಉಚಿತವಾಗಿ ಬಡಿಸುವ ಲಂಗರಿನಲ್ಲಿ ಉಂಡು ಸುಮ್ನೆ ಮನೆಗೆ ಬರ್ತಿದ್ದವನು. ಇಷ್ಟು ದೂರ ಬಂದು ನಮ್ಮೂರಿನ ಕಥೆಯನ್ನು ಅವರ ಬಾಯಲ್ಲಿ ಕೇಳಬೇಕಾಯಿತು.

ಸಿಖ್ಖರ ಸಂಸ್ಥೆ ಖಾಲ್ಸಾ ದಿವಾನ್ ಸೊಸೈಟಿಯವರಿಗೆ ಇನ್ನೊಂದು ಥ್ಯಾಂಕ್ಸ್, ಅಬಟ್ಸ್‌ಫರ್ಡ್‌ನ ಹಳೇ ಮರದ ಗುರುದ್ವಾರವನ್ನು ಉಳಿಸಿಕೊಂಡಿದ್ದಕ್ಕೆ. 1911ರದ್ದು. ಮರದ ಮಿಲ್ಲಿನ ಕೂಲಿಗಳು ದಿಮ್ಮಿ ಹಲಗೆಗಳನ್ನು ಹೆಗಲ ಮೇಲೆ ಗುಡ್ಡಕ್ಕೆ ಹೊತ್ತು ಕಟ್ಟಿದ್ದು. ಎಲ್ಲೂ ಹಡಗು ಬದಲಿಸದೆ ತಾಯ್ನಾಡಿನಿಂದ ನೇರ ಬಂದರೆ ಮಾತ್ರ ಒಳಗೆ ಅಂತ 1908ರಲ್ಲೇ ಕೆನಡಾದವರು ಕಾನೂನು ಮಾಡಿದ್ದರು, ಭಾರತದಿಂದ ಅಂಥ ನೇರ ಹಡಗು ಇರಲಿಲ್ಲ, ಹಾಗಾಗಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ ವರ್ಷಗಟ್ಟಲೆ ಒಂಟಿಯಾಗಿದ್ದ ಗಂಡಸರು ಅವರು. 2002ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು, ಈಗ ಕೆಳಗೆ ಮ್ಯೂಸಿಯಂ ಇದೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮದು ಎಲ್ಲಿದೆ ಅಪ್ಪಾ ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಗೆಳತಿಯರಿಂದ ಪಂಜಾಬಿ ಲಿಪಿ ಗುರ್ಮುಖಿಯ ಮೊದಲ ಅಕ್ಷರಗಳಾದ ಊಡಾ, ಐಡಾ, ಈಡೀ ಕಲಿತು ಬರೆದು ತೋರಿಸಿದ ರಾತ್ರಿಯೇ ನಾನು ಅ, ಆ ಶುರು ಮಾಡಿಸಿದ್ದು. ಹೊಟ್ಟೆಕಿಚ್ಚಿನಿಂದ ಅಂದರೂ ಸರಿ.

ಸಾರಿನ ಪಾತ್ರೆ ಇನ್ನೂ ಗುರುದ್ವಾರದ ಅಡುಗೆಮನೆಯಲ್ಲೇ ಇದೆ. ಚಹಾ ಕುದಿಸಲು ಬಳಸ್ತಾರೆ, ನಾನು ಕೇಳುವುದೂ ಇಲ್ಲ. ಬರುವ ತಿಂಗಳು ಒಂದು ದಿನ ಲಂಗರಿನ ಸೇವೆ ನಮ್ಮದು. ಜೋಳದ ರೊಟ್ಟಿ ಮಾಡ್ತೇನೆ ಅಂತ ಬಾಯಿಬಿಟ್ಟು ಒಪ್ಪಿಕೊಂಡಿದ್ದೇನೆ. ವ್ಯಾಂಕೂವರ್ ಕಡೆ ಅಷ್ಟೊಂದು ಬಿಳಿಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.